ಅಕ್ಕ ಅಳೆದ ಹೊಯ್ಗೆಕಾಳು

ಸಣ್ಣ ವಸ್ತು ಎದುರಿಗಿದ್ದರೆ ಅಕ್ಕ ಉಸಿರು ಬಿಗಿಹಿಡಿಯುತ್ತಿದ್ದಳು. ಸಾಸಿವೆ ಡಬ್ಬಿ ತೆರೆಯುವಾಗಲೂ ಹಾಗೆಯೇ. ಕೇಳಿದರೆ, "ಅಭ್ಯಾಸ ಮರಾಯಾ. ನಮ್ಮ್ ಕೆಲ್ಸದಗೆ ಉಸ್ರ್ ಬಿಟ್ರೆ ವಸ್ತುವೇ ಹಾರಿ ಹೋತ್" ಎನ್ನುತ್ತಿದ್ದಳು.

ದೂರದ ಪ್ರಯೋಗಾಲಯವೊಂದರಲ್ಲಿ ಎಳ್ಳಿಗಿಂತ ಸಣ್ಣ ಹರಳುಗಳನ್ನು ಕೆಂಪಗೆ ಕಾಯಿಸಿ, ಅವು ಎಷ್ಟು ಶಾಖ ಹೀರುತ್ತವೆ ಎಂದು ಅಳೆಯುವುದು ಅವಳ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೈಂದೂರಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ನನಗೆ ಅವಳು ತಿಳಿಸಿ ಹೇಳಿದ್ದು ಇಷ್ಟು: "ನಿನ್ನ ಕಾವ್ಲಿ ದಪ್ಪ, ಬಿಸಿ ಆಪುಕೆ ತುಂಬ ಬೆಂಕಿ ತಿಂತ್. ತೆಳು ಬಾಣಲೆ ಸ್ವಲ್ಪ ತಿಂತ್. ಯಾವ್ದ್ ಎಷ್ಟ್ ತಿಂತ್ ಅಂದ್ಹೇಳಿ ನಾ ಕಾಂಬುದ್."

ಒಮ್ಮೆ ಶಿರೂರಿನ ಮನೆಗೆ ಬಂದಾಗ ಅವಳ ಚೀಲದಲ್ಲಿ ಗಾಜಿನ ಪುಟ್ಟ ಡಬ್ಬಿ ಇತ್ತು. ಒಳಗೆ ಒಂದೇ ಒಂದು ಬಿಳಿ ಹರಳು. ಅದನ್ನು ಬೆಳೆಸಲು ಒಂದು ವರ್ಷ ಹಿಡಿದಿತ್ತಂತೆ. ಮರುದಿನ ಬೇರೊಂದು ಊರಿನ ಯಂತ್ರದಲ್ಲಿ ಅದನ್ನು ಅಳೆಯಬೇಕಿತ್ತು. "ಮುಟ್ಬೇಡ" ಎಂದು ಹೇಳಿ ಸ್ನಾನಕ್ಕೆ ಹೋದಳು. ನಾನು ಮುಚ್ಚಳ ತೆಗೆದೆ. ಇಷ್ಟು ಚೂರಿಗಾಗಿ ಅಷ್ಟೆಲ್ಲ ಓದೇ ಎಂದು ನಗು ಬಂತು. ಆ ನಗುವಿನ ಉಸಿರಿಗೆ ಹರಳು ಹಾರಿಹೋಯಿತು.

ಮೊಣಕಾಲೂರಿ ಜಗಲಿಯೆಲ್ಲ ಹುಡುಕಿದೆ. ಕಡಲಿನಿಂದ ನಮ್ಮ ಕಾಲಿಗಂಟಿ ಬಂದ ಮರಳು, ನಾವು ಹೊಯ್ಗೆ ಎನ್ನುವುದು, ಎಲ್ಲೆಲ್ಲೂ ಹೊಳೆಯುತ್ತಿತ್ತು. ಅದರಲ್ಲೊಂದು ಬಿಳಿ ಕಾಳನ್ನು ಆರಿಸಿ, ಹೊಯ್ಗೆಯೆಂದು ಗೊತ್ತಿದ್ದೂ ಡಬ್ಬಿಯೊಳಗಿಟ್ಟು ಮುಚ್ಚಿದೆ.

ತಿಂಗಳು ಕಳೆದು ಅಕ್ಕ ಹೋಟೆಲಿಗೇ ಬಂದು ಕಾಗದವೊಂದನ್ನು ಬಿಡಿಸಿದಳು. ಡಬ್ಬಿಯ ಕಾಳು ಹೀರಿದ ಶಾಖ ತೋರಿಸುವ ಗೆರೆ ಮೆಲ್ಲಗೆ ಏರುತ್ತಾ ಒಂದು ಕಡೆ ಗುಡ್ಡದಂತೆ ಎದ್ದಿತ್ತು.

"ಕಾಣ್, ಐನೂರ ಎಪ್ಪತ್ಮೂರ್ ಡಿಗ್ರಿ. ಇಲ್ಲಿ ಹೀಂಗ್ ಏಳೂದ್ ಹೊಯ್ಗಿ. ಎಲ್ಲರೂ ನೆಗಾಡ್ರ್. ಕಡಲ ಬದಿಯವ್ಳ್ ಹೊಯ್ಗಿ ತಂದಳ್ ಅಂದ್ರ್."

"ನೀ ಎಂತ ಹೇಳ್ದೆ?"

"ನನ್ನ ಕೈತಪ್ಪ್ ಅಂದೆ. ಇನ್ನ್ ಅಲ್ಲಿ ಕೆಲ್ಸ ಇಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಾ ಕುಳಿತಳು. ನಾನು ಕಾವಲಿಯ ಕಡೆ ತಿರುಗಿ, "ಅಕ್ಕ, ದೋಸಿ ಹೊಯ್ಲಾ?" ಎಂದೆ.

"ಹೊಯ್ಯ್" ಎಂದಳು. ತುಪ್ಪ ಹಾಕಿ ಕೊಟ್ಟೆ. ಪೂರ್ತಿ ತಿಂದು ಎದ್ದಳು.

ಆಮೇಲೆ ಬ್ರಹ್ಮಾವರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಳು. ಕಾಯಿಲೆ ಬಿದ್ದಾಗ ಕುಂದಾಪುರದ ಆಸ್ಪತ್ರೆಗೆ ಹೋದೆ.

"ಬಂದ್ಯಾ? ಎಂತಾರೂ ಹೇಳೂಕಿತ್ತಾ?"

ನಾನು ಉಸಿರು ಬಿಗಿಹಿಡಿದು ನಿಂತೆ. ಅವಳು ನಕ್ಕಳು.

"ಉಸ್ರ್ ಬಿಡ್ ಮರಾಯಾ. ಇಲ್ಲಿ ಹಾರಿ ಹೋಪುದ್ ಎಂತದೂ ಇಲ್ಲ."

"ನಾಳೆ ಬತ್ತೆ ಅಕ್ಕ. ಆಗ ಹೇಳ್ತೆ" ಎಂದೆ.

ಮರುದಿನ ನಾನು ಹೋಗುವಷ್ಟರಲ್ಲಿ ಅಕ್ಕನ ಖಾಲಿ ಹಾಸಿಗೆಯ ಚಾದರ ಬದಲಾಯಿಸುತ್ತಿದ್ದರು.