ಸವಳು ನೀರಿನಲ್ಲಿ ಕುದ್ದ ಗಾಲಿ

ಪಕೀರಮ್ಮ ಒಳಕೋಣೆಯ ನೆಲವನ್ನು ಅಂದು ಮೂರನೆಯ ಸಲ ಸಗಣಿಯಿಂದ ಸಾರಿಸುತ್ತಿದ್ದಳು. ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿತ್ತು. ಹಿಟ್ಟಿನ ಧೂಳು ಏಳಬಾರದೆಂದು ಗಂಡ ಹೇಳಿದ್ದರಿಂದ ಬೀಸುವ ಕಲ್ಲಿಗೆ ಎರಡು ದಿನದಿಂದ ಕೆಲಸವಿರಲಿಲ್ಲ. ಪಕ್ಕದ ಮನೆಯ ಬಿಬಿಜಾನ್ ರೊಟ್ಟಿ ತಂದುಕೊಟ್ಟು, ಗೋಣಿ ಸರಿಸದೆ ಹೊರಗಿನಿಂದಲೇ ಕೇಳಿದಳು:

"ಬಾಣಂತಿ ಕೋಣಿ ಮಾಡೀಯಲ್ಲ ಬೇ. ಹಡದಾರ ಯಾರು?"

"ನಮ್ಮನಿಯವರು," ಎಂದಳು ಪಕೀರಮ್ಮ. "ಕಬ್ಬಿಣದ ಕೂಸು. ಗಾಳಿ ತಾಗಬಾರದಂತ."

ಅದು ೧೯೬೬ರ ಮೇ ತಿಂಗಳ ಮೂರನೆಯ ವಾರ. ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಯ ಆಚೆ, ಕಾಲುವೆ ಕ್ಯಾಂಪಿನ ತಗಡಿನ ಸಾಲುಮನೆಗಳಲ್ಲಿ ಪಕೀರಮ್ಮನ ಗಂಡ ಸೂಗಪ್ಪನದು ಕೊನೆಯದು. ಅವನು ಕ್ಯಾಂಪಿನ ಮೆಕ್ಯಾನಿಕ್. ಒಳಕೋಣೆಯಲ್ಲಿ, ಒಗೆದ ಧೋತರದ ಮೇಲೆ ಬಿಚ್ಚಿಟ್ಟದ್ದು ಕ್ಯಾಂಪಿನ ಒಂದೇ ಒಂದು ದೊಡ್ಡ ಡೋಜರಿನ ಟರ್ಬೋ.

ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡ ಎರಡು ಕಬ್ಬಿಣದ ಗೂಡುಗಳು, ಅವುಗಳ ನಡುವೆ ಒಂದು ಶಾಫ್ಟ್, ಶಾಫ್ಟಿನ ಎರಡು ತುದಿಗೆ ಎರಡು ರೆಕ್ಕೆಗಾಲಿ. ಇಂಜಿನ್ನಿನ ಹೊಗೆ ಹೊರಬೀಳುವ ರಭಸಕ್ಕೆ ಉಕ್ಕಿನ ಗಾಲಿ ತಿರುಗುತ್ತದೆ. ಅದರೊಂದಿಗೆ ತಿರುಗುವ ಇನ್ನೊಂದು ಗಾಲಿ ಹೊರಗಿನ ಗಾಳಿಯನ್ನು ಇಂಜಿನ್ನಿನೊಳಕ್ಕೆ ಒತ್ತುತ್ತದೆ. ನಿಮಿಷಕ್ಕೆ ನಲವತ್ತು ಸಾವಿರ ಸುತ್ತು ಎಂದು ಕ್ಯಾಂಪಿನ ಇಂಜಿನಿಯರ್ ಸಾಹೇಬರು ಪುಸ್ತಕ ಓದಿ ಹೇಳಿದ್ದರು. ಸೂಗಪ್ಪ ಆ ಲೆಕ್ಕವನ್ನು ಇನ್ನೊಮ್ಮೆ ಹೇಳಿಸಿಕೊಂಡಿದ್ದ.

ಹದಿನೈದು ದಿನಗಳಿಂದ ಡೋಜರ್ ಕಪ್ಪು ಹೊಗೆ ಉಗುಳುತ್ತಿತ್ತು, ಮಣ್ಣು ನೂಕಿಕೊಂಡು ಕಾಲುವೆಯ ಒಡ್ಡು ಹತ್ತುತ್ತಿರಲಿಲ್ಲ. ಜೂನ್ ಮೊದಲ ವಾರ ಹಿಡಿಯುವ ಮಿರಗದ ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಯಂತ್ರ ಹೂತುಹೋಗುತ್ತದೆ. ಅದರೊಳಗೆ ಒಡ್ಡು ಮುಗಿಯಬೇಕು. ಶೆಡ್ಡಿನಲ್ಲಿ ಟರ್ಬೋ ಬಿಚ್ಚುವ ಹಾಗಿರಲಿಲ್ಲ. ಮೇ ತಿಂಗಳ ಗಾಳಿ ಹೊತ್ತುತಂದ ಧೂಳು ಉಸಿರಾಡಿದರೆ ಹಲ್ಲಿಗೆ ಸಿಗುತ್ತಿತ್ತು. ಸಾಹೇಬರ ಬಾಯಿಮಾತಿನ ಅಪ್ಪಣೆ ಪಡೆದು ಸೂಗಪ್ಪ ಅದನ್ನು ಮನೆಗೆ ತಂದಿದ್ದ.

ಸೂಗಪ್ಪ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದವನು. ಅವನ ಅಪ್ಪ ಬಂಡಿಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದ ಕಮ್ಮಾರ. ೧೯೫೭ರಲ್ಲಿ ಸೂಗಪ್ಪ ಕಾಲುವೆಗೆ ಬಂದದ್ದು ಕಲ್ಲುಕುಟಿಗರ ಮೊಂಡಾದ ಉಳಿ ಹಣಿದು ಹರಿತ ಮಾಡಿಕೊಡಲು. ನಾಲ್ಕು ವರ್ಷದಲ್ಲಿ ಪಂಪು ಬಿಚ್ಚುವುದು, ಆರು ವರ್ಷದಲ್ಲಿ ಲಾರಿ ಇಂಜಿನ್ ಕಟ್ಟುವುದು ಕಲಿತ. ಅಕ್ಷರ ಬರುತ್ತಿರಲಿಲ್ಲ. ಬಿಚ್ಚಿದ ಕ್ರಮದಲ್ಲಿ ಬಿಡಿಭಾಗಗಳನ್ನು ಸಾಲಾಗಿ ಇಟ್ಟು ಅದೇ ಸಾಲಿನಲ್ಲಿ ಹಿಂದಕ್ಕೆ ಜೋಡಿಸುತ್ತಿದ್ದ. ತಿರುಗುವ ವಸ್ತುಗಳ ಬಗ್ಗೆ ಅವನಿಗೆ ಒಂದು ಭಯವಿತ್ತು. ಹಿಂದಿನ ವರ್ಷ ಪಂಪಿನ ಫ್ಯಾನಿನ ಒಂದು ರೆಕ್ಕೆ ಮುರಿದು ಹಾರಿ, ಹತ್ತು ಮಾರು ದೂರ ನಿಂತಿದ್ದ ಶಾವಲಿ ಎಂಬ ಕೂಲಿಯ ತೊಡೆಯನ್ನು ಹೊಕ್ಕಿತ್ತು. ಎಳೆದು ತೆಗೆದವನು ಸೂಗಪ್ಪ. ಆ ಫ್ಯಾನು ತಿರುಗುತ್ತಿದ್ದದ್ದು ನಿಮಿಷಕ್ಕೆ ಸಾವಿರ ಸುತ್ತು ಮಾತ್ರ.

ಟರ್ಬೋದ ಕಬ್ಬಿಣದ ಗೂಡಿನಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಗೆ ಕರಗಲಿಲ್ಲ. ಗಂಡನ ಗ್ರೀಸು ಹತ್ತಿದ ಬಟ್ಟೆಗಳನ್ನು ಪಕೀರಮ್ಮ ವಾರಕ್ಕೊಮ್ಮೆ ಕ್ಷಾರ ತುಂಬಿದ ಸವಳು ಮಣ್ಣಿನ ತಿಳಿನೀರಿನಲ್ಲಿ ಕುದಿಸುತ್ತಿದ್ದಳು. ಆ ನೀರು ಗ್ರೀಸನ್ನು ಬಿಡಿಸುವುದನ್ನು ಕಂಡಿದ್ದ ಸೂಗಪ್ಪ ಹಿತ್ತಲಿನ ಒಲೆಯ ಮೇಲೆ ಹಂಡೆಯಿಟ್ಟು ಗೂಡನ್ನು ಅದರಲ್ಲಿ ಮುಳುಗಿಸಿದ. ಒಂದು ತಾಸಿಗೆ ಮಸಿ ಸಿಪ್ಪೆಯಂತೆ ಎದ್ದಿತು. ಇನ್ನೊಂದು ಗೂಡನ್ನೂ ಹಾಕಿ, ಬೆಂಕಿ ನೋಡಿಕೋ ಎಂದು ಹೆಂಡತಿಗೆ ಹೇಳಿ, ಕ್ಯಾಂಪಿಗೆ ಹಾಜರಿ ಕೊಡಲು ಹೋದ.

ಅವನು ಮಧ್ಯಾಹ್ನ ಮರಳಿದಾಗ ಧೋತರದ ಮೇಲಿನ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು.

"ಇಲ್ಲಿದ್ದ ಗಾಲಿ ಎಲ್ಲೈತಿ?"

"ಬಿಳಿದಾ? ಅದನೂ ಹಂಡೇದಾಗ ಹಾಕೀನಿ. ಎಲ್ಲಾ ತೊಳಿಯೋದು, ಅದೊಂದನ್ನ ಯಾಕ ಬಿಡ್ಲಿ ಅಂತ."

"ಯಾವಾಗ?"

"ನೀವು ಹಾಜರಿಗೆ ಹೋದ ಕೂಡ್ಲೇ. ಗುಳ್ಳಿ ಎಷ್ಟು ಬರಾಕತ್ತಾವು ನೋಡ್ರಿ, ಚಲೋ ಹೊಲಸು ಬಿಡಾಕತ್ತೈತಿ. ಯಾಕ್ರೀ? ಮಾರಿ ಯಾಕ ಹಂಗ ಮಾಡೀರಿ?"

ಗಾಳಿ ಒತ್ತುವ ಆ ಗಾಲಿ ಕಬ್ಬಿಣದ್ದಲ್ಲ, ಊರಲ್ಲಿ ಜರ್ಮನ್ ಎನ್ನುವ ಅಲ್ಯೂಮಿನಿಯಮ್ಮಿನದು. ಕಾದ ಸವಳು ನೀರು ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪಕೀರಮ್ಮನ ಮನೆಯಲ್ಲಿದ್ದ ಪಾತ್ರೆಗಳು ಹಿತ್ತಾಳೆ, ಕಬ್ಬಿಣ ಮತ್ತು ಮಣ್ಣಿನವು. ಜರ್ಮನ್ ಪಾತ್ರೆ ಒಂದೂ ಇರಲಿಲ್ಲ. ಅವಳಿಗೆ ಅದು ತಿಳಿದಿರಲು ಕಾರಣವೇ ಇಲ್ಲ. ಸೂಗಪ್ಪನಿಗೆ ತಿಳಿದಿತ್ತು. ಅವನು ಹೇಳಿರಲಿಲ್ಲ.

ಇಕ್ಕಳದಿಂದ ತೆಗೆದಾಗ ಗಾಲಿ ಬೂದಿಗಪ್ಪಾಗಿತ್ತು. ಹದಿನಾಲ್ಕು ರೆಕ್ಕೆಗಳ ಅಂಚು ಸವೆದು ಮೊದಲಿಗಿಂತ ಹರಿತವಾಗಿತ್ತು. ಎರಡು ರೆಕ್ಕೆಗಳ ಬುಡದಲ್ಲಿ ಸೂಜಿಮೊನೆಯಷ್ಟು ಕುಳಿಗಳು. ಹೊಸ ಗಾಲಿ ಬೊಂಬಾಯಿಯಿಂದ ಬರಬೇಕು, ಕನಿಷ್ಠ ಒಂದು ತಿಂಗಳು.

ಆ ಡೋಜರ್ ಓಡಿಸುತ್ತಿದ್ದವನು ಯಮನೂರಪ್ಪ, ಪಕೀರಮ್ಮನ ಒಡಹುಟ್ಟಿದ ತಮ್ಮ. ಟರ್ಬೋ ಕೂಡುವುದು ಅವನ ಸೀಟಿನ ಮುಂದೆ, ಮೂರು ಮೊಳದ ಅಂತರದಲ್ಲಿ.

ಸೂಗಪ್ಪ ಗಾಲಿಯನ್ನು ಒರೆಸಿಕೊಂಡು ಒಳಗೆ ಹೋದ. ಎರಡು ಕತ್ತಿಗಳನ್ನು ಅಲಗು ಮೇಲಾಗಿ ಹಲಗೆಗೆ ಹೊಡೆದು, ಗಾಲಿ ಕೂಡಿಸಿದ ಶಾಫ್ಟನ್ನು ಅವುಗಳ ಮೇಲೆ ಅಡ್ಡ ಇಟ್ಟ. ಅದು ಮೆಲ್ಲನೆ ಉರುಳಿ ನಿಂತಿತು. ಮತ್ತೆ ಉರುಳಿಸಿದ. ಅದೇ ರೆಕ್ಕೆ ಕೆಳಗೆ ಬಂತು. ಹತ್ತು ಸಲವೂ ಅದೇ ರೆಕ್ಕೆ, ಆ ಬದಿ ಭಾರವಾಗಿತ್ತು. ಆ ಬದಿಗೆ ಸುಣ್ಣದ ಬೊಟ್ಟಿಟ್ಟು, ಗಾಲಿಯ ಬೆನ್ನನ್ನು ಸಣ್ಣ ಅರದಿಂದ ಉಜ್ಜಿದ. ಉಜ್ಜುವುದು, ಒರೆಸುವುದು, ಕತ್ತಿಗಳ ಮೇಲಿಡುವುದು. ಹೊತ್ತು ಇಳಿಯುವಷ್ಟರಲ್ಲಿ ಗಾಲಿ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತಿತ್ತು. ಬಿರುಕು ಬಿಟ್ಟಿದೆಯೇ ಎಂದು ಮೊಳೆಯಿಂದ ಒಂದೊಂದೇ ರೆಕ್ಕೆಯನ್ನು ತಟ್ಟಿ ಕೇಳಿದ. ಹದಿಮೂರು ಗಣ್ ಎಂದವು. ಒಂದರ ದನಿ ಬೇಗ ಸತ್ತಂತೆ ಕೇಳಿಸಿತು. ಮತ್ತೆ ತಟ್ಟಿದಾಗ ಅದೂ ಗಣ್ ಎಂದಿತು. ಮೂರನೆಯ ಸಲ ತಟ್ಟಲು ಅವನಿಗೆ ಧೈರ್ಯವಾಗಲಿಲ್ಲ.

ಸಂಜೆ ಯಮನೂರಪ್ಪ ಊಟಕ್ಕೆ ಬಂದ. ಸೂಗಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಒಳಕೋಣೆಗೆ ಹೋಗಿ ಗಾಲಿಯನ್ನು ನೋಡಿಬಂದ. ಪಕೀರಮ್ಮ ಅದನ್ನು ನೋಡಿದಳು.

"ನಾ ಏನೋ ಕೆಡಸೀನಿ," ಎಂದಳು. "ಹೇಳ್ರಿ. ಅವನ ಮುಂದನ ಹೇಳ್ರಿ."

ಸೂಗಪ್ಪ ಹೇಳಿದ. ಕೊನೆಗೆ, "ತಪ್ಪು ನಂದು. ನಿನಗ ಹೇಳಿ ಹೋಗಬೇಕಿತ್ತು," ಎಂದ.

ಯಮನೂರಪ್ಪ ರೊಟ್ಟಿ ಮುರಿಯುತ್ತಲೇ ನಕ್ಕ. "ನಮ್ಮಕ್ಕ ಕುದಿಸಿದ ಸಾರು ಕುಡದು ನೀ ಹನ್ನೊಂದು ವರ್ಷ ಬದುಕೀಯಲ್ಲ ಮಾವ, ಇಂಜಿನ್ನಿಗೇನು ಧಾಡಿ?"

"ನಗಬ್ಯಾಡ ಲೇ," ಎಂದಳು ಪಕೀರಮ್ಮ. "ಶಾವಲಿ ಈಗೂ ಕುಂಟತಾನ. ನೀ ಅದರ ಮ್ಯಾಲೆ ಹತ್ತಬ್ಯಾಡ."

"ನಾ ಹತ್ತಲಿಲ್ಲಂದ್ರ ಸಾಹೇಬ್ರು ಇನ್ನೊಬ್ಬನ್ನ ಹತ್ತಸ್ತಾರ. ಅವನೂ ಯಾರದೋ ತಮ್ಮನ ಇರ್ತಾನ."



ಬೆಳಿಗ್ಗೆ ಸೂಗಪ್ಪ ಸಾಹೇಬರಿಗೆ ಎಲ್ಲವನ್ನೂ ಹೇಳಿದ. ಹೆಂಡತಿಯ ಹೆಸರು ಬಿಟ್ಟು, ತಾನೇ ಕುದಿಸಿದೆ ಎಂದ. ಸಾಹೇಬರು ಗಾಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರೂ ಇಂಥದ್ದನ್ನು ಮುಂಚೆ ಕಂಡವರಲ್ಲ.

"ಇದನ್ನ ಬಿಟ್ಟು ಓಡಿಸಿದರೆ ಒಡ್ಡು ಹತ್ತೋದಿಲ್ಲ. ಹಾಕಿದರೆ ಓಡತದೋ ಇಲ್ಲೋ, ಅಷ್ಟು ಹೇಳು."

"ಹಗ್ಗ ಕಟ್ಟಿ ನೋಡೋಣ್ರಿ."

ಟರ್ಬೋ ಕೂಡಿಸಿದ ಮೇಲೆ ವೇಗದ ಸನ್ನೆಕೋಲಿಗೆ ಒಂದು ಹಗ್ಗ, ಇಂಜಿನ್ ನಿಲ್ಲಿಸುವ ಸನ್ನೆಕೋಲಿಗೆ ಇನ್ನೊಂದು ಹಗ್ಗ ಕಟ್ಟಿದರು. ಕೂಲಿಗಳನ್ನು ದೂರ ಕಳಿಸಿದರು. ಇಂಜಿನ್ ಶುರು ಮಾಡಿದ ಸೂಗಪ್ಪ ಓಡಿಬಂದು ಒಡ್ಡಿನ ಹಿಂದೆ ಬೋರಲು ಮಲಗಿ ಮೊದಲ ಹಗ್ಗ ಎಳೆದ. ಎರಡನೆಯ ಹಗ್ಗ ಯಮನೂರಪ್ಪನ ಕೈಯಲ್ಲಿತ್ತು. ಇಂಜಿನ್ನಿನ ಗುಡುಗಿನ ಮೇಲೆ ಸಣ್ಣದೊಂದು ಸಿಳ್ಳು ಹುಟ್ಟಿತು. ಹಗ್ಗ ಎಳೆದಷ್ಟೂ ಅದು ಏರಿತು. ಒಂದು ಹಂತದಲ್ಲಿ ಸಿಳ್ಳು ನಡುಗಿತು. ಯಮನೂರಪ್ಪ ತನ್ನ ಹಗ್ಗ ಬಿಗಿಮಾಡಿದ.

"ತಡಿ," ಎಂದ ಸೂಗಪ್ಪ. ಅವನ ಗಲ್ಲ ಮಣ್ಣಿಗೆ ಒತ್ತಿತ್ತು. "ತಡಿ, ತಡಿ."

ನಡುಕ ದಾಟಿ ಸಿಳ್ಳು ಮತ್ತೆ ನೆಟ್ಟಗಾಯಿತು. ಪೂರ್ತಿ ವೇಗದಲ್ಲಿ ಒಂದು ತಾಸು ಓಡಿಸಿದರು. ಏನೂ ಮುರಿಯಲಿಲ್ಲ. ನಿಲ್ಲಿಸಿ ಗಾಳಿಕೊಳವೆ ಬಿಚ್ಚಿ ನೋಡಿದಾಗ ರೆಕ್ಕೆಗಳು ಹದಿನಾಲ್ಕೂ ಇದ್ದವು. ಒಂದು ತಾಸು ತಡೆದದ್ದು ಎರಡನೆಯ ತಾಸೂ ತಡೆಯುತ್ತದೆಯೇ ಎಂದು ಸಾಹೇಬರು ಕೇಳಿದರು. ಗೊತ್ತಿಲ್ಲ ಎಂದ ಸೂಗಪ್ಪ.

ಯಮನೂರಪ್ಪ ಡೋಜರಿನ ಚೈನಿನ ಮೇಲೆ ಕಾಲಿಟ್ಟ. ಬುತ್ತಿ ತಂದಿದ್ದ ಪಕೀರಮ್ಮ ಗಂಟನ್ನು ನೆಲಕ್ಕೆ ಬಿಟ್ಟು, ಓಡಿಹೋಗಿ ತಮ್ಮನ ಅಂಗಿಯ ಹಿಂಭಾಗ ಹಿಡಿದಳು. ಕೂಲಿಗಳು ನೋಡುತ್ತಿದ್ದರು.

"ಬಿಡಬೇ ಯಕ್ಕಾ, ಮಂದಿ ನಗತಾರ."

"ನಗಲಿ."

"ಇಳಿ ಲೇ ಯಮನೂರ," ಎಂದ ಸೂಗಪ್ಪ. "ನಡುಗಿದ್ದು ಯಾವ ವೇಗಕ್ಕ ಅಂತ ನನ್ನ ಕಿವಿಗೆ ಗೊತ್ತೈತಿ. ಅದರ ಕೆಳಗ ಓಡಿಸಬೇಕು. ನಿನಗ ಕೇಳಸೂದಿಲ್ಲ."

"ನಿನಗ ಮಣ್ಣು ನೂಕೋ ಬ್ಲೇಡ್ ಎತ್ತಾಕ ಬರತೈತೇನು?"

"ನೀ ಕೆಳಗ ನಿಂತು ಹೇಳು. ದೂರ ನಿಂತು."

ಪಕೀರಮ್ಮನ ಕೈ ತಮ್ಮನ ಅಂಗಿಯನ್ನು ಬಿಟ್ಟಿತು. "ನೀವ ಹತ್ತತೀರೇನ್ರಿ?" ಎಂದಳು. ಸೂಗಪ್ಪ ಆಗಲೇ ಸೀಟಿನಲ್ಲಿದ್ದ. ಅವನ ಅಂಗಿ ಅವಳ ಕೈಗೆ ಎಟುಕುವಂತಿರಲಿಲ್ಲ.

ಸೂಗಪ್ಪ ಪೂರ್ತಿ ವೇಗಕ್ಕೆ ಒಯ್ಯದೆ, ಯಮನೂರಪ್ಪನ ಕೈಸನ್ನೆ ನೋಡುತ್ತ, ಹತ್ತೊಂಬತ್ತು ದಿನ ಮಣ್ಣು ನೂಕಿದ. ದಿನಾ ಸಂಜೆ ಗಾಳಿಕೊಳವೆ ಬಿಚ್ಚಿ, ಬೆರಳು ತೂರಿಸಿ ಒಂದೊಂದೇ ರೆಕ್ಕೆ ಮುಟ್ಟಿ ಎಣಿಸುತ್ತಿದ್ದ. ಮಿರಗ ಐದು ದಿನ ತಡವಾಯಿತು, ಒಡ್ಡು ಮುಗಿಯಿತು. ಬೊಂಬಾಯಿಯಿಂದ ಹೊಸ ಗಾಲಿ ಬಂದದ್ದು ಜೂನ್ ಇಪ್ಪತ್ತೆಂಟಕ್ಕೆ. ಅದನ್ನು ಸೂಗಪ್ಪ ಮರುದಿನವೇ ಕೂಡಿಸಿದ, ಯಮನೂರಪ್ಪ ಅದರ ಮರುದಿನ ಸೀಟಿಗೆ ಹತ್ತಿದ.