ಹಾಳುಬಾವಿಗೂ ನನಗೂ ನಡುವೆ ಒಂದು ಮೆದೆ

ಹೌದು, ಕುಡಿದಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪ್ರತಿ ವಾರ ಪತ್ರಿಕೆಯ ಇದೇ ಜಾಗದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಹೆಲ್ಮೆಟ್ ಬಗ್ಗೆಯೇ ಎರಡು ಸಲ ಬರೆದಿದ್ದೇನೆ. (ಅವತ್ತೂ ಹೆಲ್ಮೆಟ್ ಇತ್ತು. ಬೈಕಿನ ಕನ್ನಡಿಯಲ್ಲಿ ನೇತಾಡುತ್ತಿತ್ತು.) ಈಗ ಎಡಗೈಗೆ ಪ್ಲಾಸ್ಟರ್, ಬಲಗೈಯ ಒಂದೇ ಬೆರಳಲ್ಲಿ ಟೈಪಿಂಗ್. ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ಸುಳ್ಳು ಬರೆಯುವ ಹಾಗೂ ಇಲ್ಲ.

ಆದದ್ದಿಷ್ಟು. ರಾಯಲ್ಪಾಡಿನ ಹತ್ತಿರ ಚಿಕ್ಕಪ್ಪನ ಮಗಳ ಮದುವೆಯ ಬೀಗರ ಊಟ. ನಮ್ಮ ಕಡೆ ಬೀಗರ ಊಟ ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಶಾಮಿಯಾನದೊಳಗೆ ಮುದ್ದೆ, ಮಟನ್ ಸಾರು. ಶಾಮಿಯಾನದ ಹಿಂದೆ ಇನ್ನೊಂದು ಪಂಕ್ತಿ. ಅಲ್ಲಿಗೆ ಯಾರೂ ಕರೆಯುವುದಿಲ್ಲ, ಎಲ್ಲರೂ ಹೋಗುತ್ತಾರೆ. ಹೊಸ ಬೀಗರೊಬ್ಬರು ಗ್ಲಾಸ್ ಕೈಗಿಟ್ಟು, "ನಮ್ದು ಬೇಡ ಅಂದ್ರೆ ಹೆಂಗೆ ಭಾವಾ?" ಅಂದರು. ಅವರ ಮನಸ್ಸು ನೋಯಬಾರದು ಅಂತ ಮೊದಲನೆಯದು ಕುಡಿದೆ. ಎರಡನೆಯದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಕೋಲಾರಕ್ಕೆ ವಾಪಸ್ ಹೊರಟೆ. ಮೇನ್ ರೋಡಲ್ಲಿ ಹೋದರೆ ಪೊಲೀಸರು ಊದಿಸುತ್ತಾರೆ ಅಂತ ಒಳರಸ್ತೆ ಹಿಡಿದೆ. ಎಂಥ ಜಾಣ ನೋಡಿ! ಆ ರಸ್ತೆಯೋ, ಹೊಸದಾಗಿ ಟಾರ್ ಹಾಕಿದ್ದು, ಬೆಣ್ಣೆ ಹಾಗಿದೆ. ಉದ್ದಕ್ಕೆ ನೇರವಾಗಿ ಹೋಗಿ ಒಂದು ಊರಿನ ಹತ್ತಿರ (ಹೆಸರು ಹೇಳುವುದಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ) ಥಟ್ಟನೆ ಎಡಕ್ಕೆ ತಿರುಗುತ್ತದೆ. ಬೋರ್ಡಿಲ್ಲ. ತಡೆಗೋಡೆಯಿಲ್ಲ. ಅಂಚಿಗೆ ಒಂದು ಬಿಳಿ ಕಲ್ಲೂ ಇಲ್ಲ.

ರಸ್ತೆ ತಿರುಗಿತು. ನಾನು ತಿರುಗಲಿಲ್ಲ.

ಕಣ್ಣು ಬಿಟ್ಟಾಗ ಬೈಕಿನ ಸಮೇತ ರಾಗಿ ಹುಲ್ಲಿನ ಮೆದೆಯೊಳಗೆ ಹೂತುಹೋಗಿದ್ದೆ. ಬಾಯಿ ತುಂಬ ಹುಲ್ಲು. ಹೊಲದಾಚೆಯ ಹಟ್ಟಿಯಿಂದ ಹೆಂಗಸೊಬ್ಬರು ಓಡಿ ಬಂದರು. ಅರವತ್ತು ದಾಟಿದವರು, ಗಂಗಮ್ಮ ಅಂತಿಟ್ಟುಕೊಳ್ಳಿ. "ಅಯ್ಯೋ ನಾಯನಾ, ಇದ್ದೀಯೇನಪ್ಪಾ?" ಅಂತ ನನ್ನನ್ನು ಎಳೆದು ಕೂರಿಸಿ, ನೀರು ಕುಡಿಸಿ, ಆಮೇಲೆ ಮೂಗು ಮುಚ್ಚಿಕೊಂಡರು. "ಥೂ! ಕುಡಿದು ಬಂಡಿ ಯಾಕಪ್ಪಾ ಹತ್ತೀಯ? ಹೆಂಡ್ತಿ ಮಕ್ಳು ಇಲ್ವಾ ನಿಂಗೆ?"

ಮೆದೆಯ ಆಚೆ ಏನಿದೆ ಅಂತ ನಾನು ನೋಡಿದ್ದು ಆಗ. ಹಾಳುಬಾವಿ. ಕಟ್ಟೆಯಿಲ್ಲದ, ನೀರಿಲ್ಲದ, ತಳದಲ್ಲಿ ಬರೀ ಬಂಡೆ ಇರುವ ಬಾವಿ. ಮೆದೆಯಿಂದ ನಾಲ್ಕು ಹೆಜ್ಜೆ.

ಮಾಲೂರಿನಲ್ಲಿ ವಕೀಲಿಕೆ ಮಾಡುವ ನನ್ನ ಕ್ಲಾಸ್‌ಮೇಟ್ ರಮೇಶ ಆಸ್ಪತ್ರೆಗೆ ಬಂದವನೇ, "ಲೇ, ಬಿಡಬಾರದು ಕಣೋ. ಅಂಥ ತಿರುವಿಗೆ ಬೋರ್ಡಿಲ್ಲ ಅಂದ್ರೆ ಸರ್ಕಾರದ ತಪ್ಪು. ನೋಟಿಸ್ ಕೊಡೋಣ" ಅಂದ.

"ನಾನು ಕುಡಿದಿದ್ನಲ್ಲೋ?"

"ಅದೂ ತಪ್ಪೇ. ಕೋರ್ಟು ಎರಡು ತಪ್ಪೂ ತೂಗಿ ನೋಡುತ್ತೆ. ನಿಂದು ಜಾಸ್ತಿ ಅಂದ್ರೂ ಅವರ್ದು ಇಲ್ಲ ಅಂತಾಗಲ್ವಲ್ಲ?"

ಮಾತು ಸರಿ ಅನ್ನಿಸಿತು. ಸಹಿ ಹಾಕಿದೆ. ರಸ್ತೆ ಇಲಾಖೆಯಿಂದ ಉತ್ತರವೂ ಬಂತು. (ಅರ್ಜಿ ಕೊಟ್ಟರೆ ಬರದ ಉತ್ತರ ನೋಟಿಸ್ ಕೊಟ್ಟರೆ ಬರುತ್ತದೆ, ಬರೆದಿಟ್ಟುಕೊಳ್ಳಿ.) ಸಾರಾಂಶ: ರಸ್ತೆಯಲ್ಲಿ ದೋಷವಿಲ್ಲ. ಸವಾರ ಕುಡಿದಿದ್ದ. ರಸ್ತೆಯ ಜಾಗದಲ್ಲಿ ಅಕ್ರಮವಾಗಿ ಹಾಕಿದ ಹುಲ್ಲಿನ ಮೆದೆಯೇ ಅಪಘಾತಕ್ಕೆ ಇನ್ನೊಂದು ಕಾರಣ. ಅದರ ಮಾಲೀಕರ ಮೇಲೆ ಕ್ರಮ ಕೈಗೊಳ್ಳಲಾಗುವುದು.

ನನ್ನ ಜೀವ ಉಳಿಸಿದವರ ಮೇಲೇ ಕೇಸಾ? ಅದೂ ನನ್ನ ಸಹಿಯಿಂದ?

ಮರುದಿನವೇ ಬಸ್ ಹಿಡಿದು ಹೋದೆ. ಗಂಗಮ್ಮ ಕೆದರಿದ ಹುಲ್ಲನ್ನು ಮತ್ತೆ ಅದೇ ಜಾಗಕ್ಕೆ ಒಟ್ಟುತ್ತಿದ್ದರು. ವಿಷಯ ಹೇಳಿ, "ಅಮ್ಮಾ, ನಿಮ್ಮ ಹಟ್ಟಿ ಅಲ್ಲಿದೆ. ಹುಲ್ಲು ಇಷ್ಟು ದೂರ ಹೊತ್ಕೊಂಡು ಬಂದು ಇಲ್ಲೇ ಯಾಕೆ ಹಾಕ್ತೀರಿ?" ಅಂತ ಕೇಳಿದೆ.

"ಹೋದ ವರ್ಷ ರೋಡು ಹಾಕಿದಾಗ ಇಸ್ಕೂಲ್ ಮೇಷ್ಟ್ರೊಬ್ರು ಸ್ಕೂಟರ್ ಸಮೇತ ಬಾವಿಗೆ ಬಿದ್ರು. ಒಂದು ತೊಟ್ಟು ಕುಡಿಯೋರಲ್ಲ ಪಾಪ. ಮ್ಯಾಲಕ್ಕೆ ಎತ್ತೋವಾಗ ಉಸಿರಿರಲಿಲ್ಲ. ಅವತ್ತಿಂದ ಮೆದೆ ಇಲ್ಲೇ." ಇನ್ನೊಂದು ಹಿಡಿ ಹುಲ್ಲು ಒಟ್ಟುತ್ತಾ ಅಂದರು, "ಮೆದೆ ತೆಗಿ ಅಂದ್ರೆ ತೆಗೀತೀನಿ ನಾಯನಾ. ಬಾವಿ ತೆಗೀತಾರಾ ಅವ್ರು?"

ನನಗೆ ಕಣ್ಣಲ್ಲಿ ನೀರು ಬಂತು. (ಅವತ್ತು ಕುಡಿದಿರಲಿಲ್ಲ.) ಯಾವನೋ ಗುರುತಿಲ್ಲದವನು ಬಿದ್ದಾನು ಅಂತ ಹೊರೆ ಹೊರೆ ಹುಲ್ಲು ತಲೆ ಮೇಲೆ ಹೊತ್ತು ತಂದು ಅಡ್ಡ ಒಟ್ಟುವ ಮನಸ್ಸು ಎಷ್ಟು ಜನಕ್ಕೆ ಇರುತ್ತೆ ಹೇಳಿ? ಆ ಗುರುತಿಲ್ಲದವನು ನಾನು. ಕಾಲಿಗೆ ಬಿದ್ದೆ. "ಎದ್ದೇಳಪ್ಪಾ, ಪ್ಲಾಸ್ಟರ್ ಒಡ್ದೋದೀತು" ಅಂತ ಬೈದು, ಅವರೆಕಾಳು ಸಾರಲ್ಲಿ ಮುದ್ದೆ ಹಾಕಿಯೇ ಕಳಿಸಿದರು.

ನೋಟಿಸ್ ವಾಪಸ್ ತಗೊಂಡೆ. ನನ್ನದೇ ಕೈಯಲ್ಲಿ ಹೊಸ ಅರ್ಜಿ ಬರೆದೆ. ನಾನು ಕುಡಿದಿದ್ದೆ, ಅದಕ್ಕೆ ಕೇಸು ಹಾಕಿ, ದಂಡ ಕಟ್ಟುತ್ತೇನೆ. ನನ್ನನ್ನು ಬೀಳಿಸಿದ್ದು ಮೆದೆಯಲ್ಲ, ಹಿಡಿದುಕೊಂಡದ್ದು ಮೆದೆ. ನನಗೆ ಪರಿಹಾರ ಬೇಡ, ಆ ತಿರುವಿಗೆ ಬೋರ್ಡು ಮತ್ತು ಗೋಡೆ ಕೊಡಿ. ರಮೇಶ ಓದಿ, "ನಿನ್ ಕೇಸು ನೀನೇ ಮುಗಿಸ್ದೆ ಕಣೋ" ಅಂದ. ಆದರೆ ಅದನ್ನು ತಾನೇ ಟೈಪ್ ಮಾಡಿಸಿ ಕಳಿಸಿಕೊಟ್ಟ.

ಅಲ್ಲಾ, ರಸ್ತೆ ಮಾಡುವುದು ತಪ್ಪೇ ಮಾಡದವರಿಗೆ ಮಾತ್ರವಾ? ಕುಡಿದವನಿಗೆ ದಂಡ ಹಾಕಿ, ಲೈಸೆನ್ಸ್ ಕಿತ್ತುಕೊಳ್ಳಿ, ನನ್ನ ಹೆಂಡತಿಯ ಹತ್ತಿರ ಬಿಟ್ಟು ಬೈಯಿಸಿ. ಆದರೆ ಮೇಷ್ಟ್ರು ಏನು ಕುಡಿದಿದ್ದರು?

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಗಂಗಮ್ಮನ ಹಸು ದಿನವೂ ಅದೇ ಮೆದೆಯ ಹುಲ್ಲು ತಿನ್ನುತ್ತಿದೆ, ಯುಗಾದಿ ಹೊತ್ತಿಗೆ ಮೆದೆ ಖಾಲಿ.

ಗೋಡೆ ಬರುವವರೆಗೆ ಆ ಹಸು ಉಪವಾಸ ಇರಬೇಕಾ, ಸ್ವಾಮಿ?