ಸಿನೆಮಾದಲ್ಲಿ ಕಳೆದುಹೋದ ಒಡಪು

ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಪುಡಿ ತೂಗುವುದು ನನ್ನ ಕೆಲಸ. ಇದ್ದದ್ದಕ್ಕಿಂತ ಹೆಚ್ಚು ಬರೆದು ರೂಢಿಯಿಲ್ಲ.

ಹೋದ ವರ್ಷ ಬಸವಕಲ್ಯಾಣದ ನಮ್ಮ ಮನೆಗೆ ಸಿನೆಮಾದವರು ಬಂದರು. ಮೂವರು ಜನ, ಒಂದು ಕ್ಯಾಮೆರಾ. ಅರ್ಧ ನಿಜ, ಅರ್ಧ ಕಥೆ ಇರುವ ಪ್ರೇಮಚಿತ್ರವಂತೆ. ನಿಜವಾದ ಗಂಡ ಹೆಂಡಿರು ಮಾತು ಶುರು ಮಾಡುತ್ತಾರೆ, ನಟ ನಟಿಯರು ಅದನ್ನು ಮುಂದುವರಿಸುತ್ತಾರೆ. ಇಬ್ಬರನ್ನೂ ಬೇರೆಬೇರೆ ಕೇಳಬೇಕೆಂದು ನಿರ್ದೇಶಕಿ ನನ್ನನ್ನು ಅಂಗಳಕ್ಕೆ ಕಳಿಸಿದಳು. ಕುಕ್ಕರ್ ನಡುವೆ ಸೀಟಿ ಹೊಡೆದೀತೆಂದು ಅದನ್ನೂ ನನ್ನ ಕೈಗೆ ಕೊಟ್ಟಳು. ಕುಕ್ಕರ್ ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದಾಗ ಒಳಗಿನಿಂದ "ಒಡಪ" ಎಂಬ ಮಾತೊಂದು ಕೇಳಿತು. ಆಮೇಲೆ ಮೂವರೂ ಜೋರಾಗಿ ನಕ್ಕದ್ದು ಕೇಳಿತು.

ನಾನು ಕುಕ್ಕರ್ ಸಮೇತ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೆ. ಯಾಕೆಂದು ಹೇಳಬೇಕು. ನನ್ನ ಹೆಂಡತಿ ನನ್ನ ಹೆಸರು ಹೇಳುವವಳಲ್ಲ. ಹೇಳಲೇಬೇಕಾದಾಗ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳುವುದು ಅವರ ತವರಿನ ರೂಢಿ. ಮದುವೆಯ ದಿನ ನನ್ನ ಅಕ್ಕಂದಿರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಿದ್ದರು. ಅವಳು ಹೇಳಿದಳು. ನಾನು ಅವಳಿಂದ ಒಂದು ಮೊಳ ದೂರದಲ್ಲಿದ್ದೆ. ಬ್ಯಾಂಡಿನವನು ನನ್ನಿಂದ ಅರ್ಧ ಮೊಳ ದೂರದಲ್ಲಿದ್ದ. ಕೇಳಲಿಲ್ಲ. ಅಲ್ಲಿಂದ ಇಪ್ಪತ್ತೆರಡು ವರ್ಷ ನಾನು ಬರೀ "ರೀ".

"ಏನ್ ಹೇಳ್ದಿ ಅವರಿಗೆ?" ಎಂದು ಅವತ್ತೇ ಕೇಳಿದೆ.

"ಟಿಕೀಟ್ ತಗೊಂಡು ನೋಡ್ರಿ," ಎಂದಳು.

ಸಿನೆಮಾ ಹುಮನಾಬಾದಿಗೆ ಬಂದ ಭಾನುವಾರ ಇಬ್ಬರೂ ಮ್ಯಾಟ್ನಿಗೆ ಹೋದೆವು. ಚಿತ್ರೀಕರಣದ ದಿನ ಉಟ್ಟಿದ್ದ ನೇರಳೆ ಸೀರೆಯನ್ನೇ ಅವಳು ಉಟ್ಟಿದ್ದಳು. "ಮಂದಿ ಗುರುತು ಹಿಡೀಬೇಕಲ್ರಿ?"

ಮೊದಲ ಅರ್ಧ ಗಂಟೆ ನಾಯಕ ಹಾಳು ಗೋಡೆಯೊಂದರ ಮೇಲೆ ಕೂತು ಒಂದು ಕತ್ತೆಯ ಜೊತೆ ಪ್ರೀತಿಯ ಬಗ್ಗೆ ಮಾತಾಡಿದ. ಕತ್ತೆ ಉತ್ತರ ಕೊಡಲಿಲ್ಲ. ಅದು ನಿಜದ ಭಾಗವಿರಬೇಕು. ಆಮೇಲೆ ನಮ್ಮ ಮನೆಯ ನೀಲಿ ಬಾಗಿಲು ಬಂತು. ಬಾಗಿಲಲ್ಲಿ ನಾನು ಚಹಾ ಕುಡಿಯುತ್ತಿದ್ದೆ, ನಾಲ್ಕು ಸೆಕೆಂಡು. ಕೆಳಗೆ ಅಕ್ಷರ ಬಂದವು: "ನೆರೆಮನೆಯವರು".

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. "ಏನ್ರಿ ಬಾಜೂ ಮನಿಯವರ, ಚಾ ಹ್ಯಾಂಗಿತ್ರಿ?"

ಮರುಗಳಿಗೆ ಪರದೆಯ ಮೇಲೆ ಅವಳೇ ಬಂದಳು. ನಾನು ಉಸಿರು ಹಿಡಿದೆ. "ಒಡಪ ಅಂದ್ರ..." ಎಂದು ನಕ್ಕು, ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ಬದಲಾಯಿತು. ಅದೇ ನೇರಳೆ ಬಣ್ಣದ ಸೀರೆಯಲ್ಲಿ ನಟಿ ಬಂದು ಒಡಪು ಹೇಳಿ ಮುಗಿಸಿದಳು. ಅದರಲ್ಲಿ ಚಂದ್ರನಿದ್ದ, ಮಲ್ಲಿಗೆ ಇತ್ತು, ಕೊನೆಗೆ ನಾಯಕನ ಹೆಸರಿತ್ತು. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನ ಹೆಂಗಸು ಪಕ್ಕದವಳಿಗೆ ಹೇಳಿದಳು: "ಮೊದಲಿನಾಕಿ ಬರೇ ಆ್ಯಕ್ಟಿಂಗ್ ಮಾಡಾಕತ್ತಿದ್ಲು. ಈಕಿ ನೋಡವಾ, ಖರೇ ಹೆಂಡ್ತಿ!"

ನನ್ನ ಹೆಂಡತಿ ನಗುವುದನ್ನು ನಿಲ್ಲಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಅದು ನಂದಲ್ರಿ. ಚಂದ್ರಗ ನನಗ ಏನ್ ಸಂಬಂಧ? ಅವರು ಬರ್ತಾರಂತ ನಾಕ ದಿನ ಬ್ಯಾಳಿ ಆರಿಸ್ಕೋತ ಕೂಡಿಸಿ ಕಟ್ಟಿದ್ದೆ. ಕೇಳಿ ಹೊಟ್ಟಿ ಹಿಡ್ಕೊಂಡು ನಕ್ರು. ಆದ್ರ ಹಾಕ್ಲಿಲ್ಲ ನೋಡ್ರಿ."

ನಾನೊಬ್ಬನೇ ಕಳೆದುಕೊಂಡೆ ಎಂದುಕೊಂಡಿದ್ದೆ. ಅವಳ ನಾಲ್ಕು ದಿನಗಳ ಲೆಕ್ಕ ನನಗೆ ಗೊತ್ತಿರಲಿಲ್ಲ.

"ನನಗ ಹೇಳು."

"ಬಸ್ಸಿನ್ಯಾಗ? ಕಂಡಕ್ಟರ್ ಮುಂದ? ಹುಚ್ಚ ಹಿಡದದೇನ್ರಿ ನಿಮಗ!"

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಬೀಗ ತೆಗೆದು ನಾನು ಮೊದಲು ಒಳಗೆ ಹೋದೆ. ತಿರುಗಿ, ಬಾಗಿಲ ಎರಡೂ ಕಡೆಗೆ ಕೈ ಚಾಚಿ, ಹೊಸ್ತಿಲಿಗೆ ಅಡ್ಡ ನಿಂತೆ.

"ಸರೀರಿ, ಕಾಲು ನೋಯಾಕತ್ತಾವ."

"ಹೆಸರು ಹೇಳಿದ್ರ ಒಳಗ."

"ನೀವೇನ್ ನಮ್ಮ ನಾದಿನಿಯೇನ್ರಿ?"

"ನಾದಿನಿ ಅಲ್ಲ. ಬಾಜೂ ಮನಿಯವ."

ಅವಳಿಗೆ ನಗು ಬಂತು. ರಸ್ತೆಯ ಎರಡೂ ಕಡೆ ನೋಡಿದಳು. ಕೈಚೀಲವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ ಹೇಳಿದಳು:

"ಸಂತಿಗೆ ಕಳಿಸಿದ್ರ ತಂದಾರ ಕಲ್ಲಿನ ತೊಗರಿಬ್ಯಾಳಿ,
ತೂಗೂದ್ರಾಗ ಹುಷಾರ್ — — ರಾಯರು, ಆರಿಸೂದ್ರಾಗ ಖಾಲಿ!"

ಎರಡು ಗೆರೆಗಳ ಜಾಗದಲ್ಲಿ ಇದ್ದದ್ದು ನನ್ನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ರೇಷನ್ ಕಾರ್ಡಿನಲ್ಲಿರುವ ಹೆಸರೇ ಆಗಿಬಿಡುತ್ತದೆ. ಅವಳ ಬಾಯಲ್ಲಿ ಅದು ಬೇರೆ ಯಾರದೋ, ನನಗಿಂತ ಒಳ್ಳೆಯವನೊಬ್ಬನ ಹೆಸರಿನಂತೆ ಕೇಳಿತು. ಹೆಚ್ಚು ಬರೆಯುತ್ತಿಲ್ಲ, ಹಾಗೇ ಕೇಳಿತು.

"ಇನ್ನೊಮ್ಮೆ ಹೇಳು," ಎಂದೆ.

"ಇನ್ನೊಂದ ಟಿಕೀಟ್ ತಗೋರಿ," ಎಂದು ನನ್ನ ತೋಳಿನ ಕೆಳಗೆ ಬಗ್ಗಿ ಒಳಗೆ ಹೋದಳು. ಕೈಚೀಲ ಹೊರಗೇ ಉಳಿದಿತ್ತು. ಅದನ್ನು ತೆಗೆದುಕೊಳ್ಳುವುದು ನನಗೆ ಸ್ವಲ್ಪ ಹೊತ್ತು ನೆನಪಾಗಲಿಲ್ಲ.